ಹೆಪ್ಪಿನ ಹದ

ಹಾಲಿಗೆ ಹೆಪ್ಪು ಹಾಕುವುದನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ. ಆದರೂ ನಮ್ಮ ಮನೆಗಳಲ್ಲಿ ಅದನ್ನು ಅರಿಯದವರು ವಿರಳ. ಕಾದ ಹಾಲು ಉಗುರುಬೆಚ್ಚಗಾಗುವವರೆಗೆ ಕಾಯಬೇಕು. ಅವಸರಪಟ್ಟು ಸುಡುವ ಹಾಲಿಗೆ ಹೆಪ್ಪನ್ನು ಬೆರೆಸಿದರೆ ಹೆಪ್ಪು ಕೆಡುವುದು. ಮಾಗಿಯ ಚಳಿಯಲ್ಲಿ ಕೊರೆಯುವ ಹಾಲಿಗೆ ಬೆರೆಸಿದರೆ ಬೆಳಗಾದರೂ ಹಾಲು ಹಾಲಾಗಿಯೇ ಉಳಿಯುವುದು. ನನ್ನ ತಾಯಿ ಚಳಿಗಾಲದಲ್ಲಿ ಹೆಪ್ಪು ಹಾಕಿದ ಪಾತ್ರೆಯನ್ನು ಬೂದಿ ಮುಚ್ಚಿದ ಒಲೆಯ ಮಗ್ಗುಲಲ್ಲಿಡುತ್ತಿದ್ದರು. ಬೇಸಗೆಯಲ್ಲಿ ಅದೇ ಪಾತ್ರೆ ನೆಲದ ತಂಪಿಗೆ ಇಳಿಯುತ್ತಿತ್ತು. ಅವರ ಬಳಿ ಉಷ್ಣಮಾಪಕವಿರಲಿಲ್ಲ; ಕಿರುಬೆರಳೊಂದಿತ್ತು. ಎಂದಾದರೂ ಮೊಸರು ಸರಿಯಾಗದಿದ್ದರೆ ಅವರು ಹೆಪ್ಪನ್ನು ದೂರುತ್ತಿರಲಿಲ್ಲ. “ಹದ ತಪ್ಪಿತು” ಎನ್ನುತ್ತಿದ್ದರು.

ಈ ಮಾತನ್ನು ನಾನು ಮರೆತದ್ದರಿಂದ ನನ್ನ ಹಳೆಯ ಶಿಷ್ಯನೊಬ್ಬನಿಗೆ ನಷ್ಟವಾಯಿತು. ಅವನು ಕೋಲಾರದ ಕಡೆಯ ರೈತ. ಎರಡು ಎಕರೆಗೆ ಟೊಮೇಟೊ ಇಟ್ಟಿದ್ದ. 2019ರ ಬೇಸಗೆಯಲ್ಲಿ ಕಾಯಿಕೊರಕ ಹುಳು ಬಿದ್ದಿತು. ವಾರಕ್ಕೊಮ್ಮೆ ವಿಷ ಹೊಡೆದು ಹೊಡೆದು ಅವನ ಕಣ್ಣು ಉರಿಯುತ್ತಿತ್ತು, ಕೈ ಬರಿದಾಗಿತ್ತು. ಹುಳುಗಳಿಗೆ ರೋಗ ತಂದು ಕೊಲ್ಲುವ ಒಂದು ಶಿಲೀಂಧ್ರವುಂಟು, ಅದರಿಂದ ಮನುಷ್ಯರಿಗೂ ದನಕರುಗಳಿಗೂ ವಿಷದ ಭಯವಿಲ್ಲವೆಂದು ನಾನು ಆಗಷ್ಟೇ ಓದಿದ್ದೆ. ಓದಿದ್ದನ್ನು ಹೇಳದೆ ಇರಲಾರದ ಕಾಯಿಲೆ ಮೇಷ್ಟ್ರುಗಳಿಗೆ ಸಹಜ. ಹೇಳಿದೆ. ಅವನು ಪೇಟೆಗೆ ಹೋಗಿ ಆ ಪುಡಿಯನ್ನು ತಂದ. ತಗಡು ಹೊದಿಸಿದ ಅಂಗಡಿಯ ಮುಂಗಟ್ಟಿನಲ್ಲಿ, ಬಿಸಿಲು ಬೀಳುವ ಕಡೆ, ಅದು ಎಷ್ಟು ದಿನಗಳಿಂದ ಇತ್ತೋ ತಿಳಿಯದು. ವಿಷ ಹೊಡೆಯುವ ರೂಢಿಯಂತೆ ಬೆಳಗಿನ ಕೆಲಸಗಳನ್ನು ಮುಗಿಸಿ ಹನ್ನೊಂದು ಗಂಟೆಯ ಹೊತ್ತಿಗೆ ಸಿಂಪಡಿಸಿದ. ಹತ್ತು ದಿನ ಕಾದ. ಆ ವೇಳೆಗೆ ಅರ್ಧಕ್ಕೆ ಅರ್ಧ ಕಾಯಿಗಳಲ್ಲಿ ತೂತು ಬಿದ್ದಿತ್ತು.

ಒಂದು ಸಂಜೆ ಅವನು ನಮ್ಮ ಮನೆಯ ಜಗುಲಿಯ ಮೇಲೆ ಬಂದು ಕುಳಿತ. “ಮೇಷ್ಟ್ರೇ, ನೀವು ಹೇಳಿದಿರಿ ಅಂತ ಹಾಕಿದೆ. ಹುಳುಗಳು ಆ ಪುಡಿಯನ್ನೇ ತಿಂದು ದಪ್ಪಗಾದವು” ಎಂದ. ಅದರಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ನಾನು ಅಂಗಡಿಯವನನ್ನು ಬೈದೆ. ಬೈಯುವುದು ಸುಲಭ. ಅಂಗಡಿಯವನು ಆ ಪೊಟ್ಟಣವನ್ನು ಬೇರೆಲ್ಲ ಸರಕಿನಂತೆ ಇಟ್ಟಿದ್ದ. ಶಿಷ್ಯನು ಅದನ್ನು ಬೇರೆಲ್ಲ ಔಷಧಿಯಂತೆ ಹೊಡೆದಿದ್ದ. ನಾನು ಅದನ್ನು ಬೇರೆಲ್ಲ ಸುದ್ದಿಯಂತೆ ಹೇಳಿದ್ದೆ. ಅದು ಜೀವವಿರುವ ವಸ್ತುವೆಂಬುದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಖಾಲಿಯಾದ ಪೊಟ್ಟಣವನ್ನು ಆಮೇಲೆ ತರಿಸಿ ಭೂತಗನ್ನಡಿ ಹಿಡಿದು ಓದಿದೆನು. ತಂಪಾದ ಸ್ಥಳದಲ್ಲಿಡಬೇಕು, ಸಂಜೆಯ ವೇಳೆ ಸಿಂಪಡಿಸಬೇಕು ಎಂಬ ಮಾತುಗಳು ಇರುವೆಯಂತಹ ಅಕ್ಷರಗಳಲ್ಲಿ ಅಚ್ಚಾಗಿದ್ದವು.

ಆ ಪುಡಿಯಲ್ಲಿದ್ದ ಶಿಲೀಂಧ್ರದ ಹೆಸರು ಬ್ಯೂವೇರಿಯಾ ಬಾಸಿಯಾನ. ಹಳೆಯ ರೊಟ್ಟಿಯ ಮೇಲೆ, ಮಳೆಗಾಲದಲ್ಲಿ ಚರ್ಮದ ಚಪ್ಪಲಿಯ ಮೇಲೆ ಏಳುವ ಬೂಷ್ಟನ್ನು ನೀವು ನೋಡಿದ್ದೀರಿ. ಇದೂ ಅಂಥದೇ ಒಂದು ಬೂಷ್ಟು. ಆದರೆ ಇದರ ಆಹಾರ ಕೀಟಗಳ ದೇಹ. ಪುಡಿಯಲ್ಲಿರುವುದು ಇದರ ಬೀಜಕಗಳು. ವಿಷವು ಸಾಮಾನ್ಯವಾಗಿ ತಗುಲಿದೊಡನೆ ಕೆಲಸಕ್ಕೆ ತೊಡಗುವುದು, ಬೀಜಕವು ಹಾಗಲ್ಲ. ಅದು ಹುಳುವಿನ ಮೈಗೆ ಅಂಟಿಕೊಂಡು ಮೊದಲು ಮೊಳೆಯಬೇಕು. ಮೊಳೆತ ಮೇಲೆ ಎಳೆಯೊಂದನ್ನು ಚಾಚಿ, ಮೈಯ ಗಟ್ಟಿ ಹೊದಿಕೆಯನ್ನು ಕರಗಿಸುವ ರಸಗಳನ್ನು ಸುರಿಸಿ, ಒತ್ತಿ ಒಳಹೊಕ್ಕು, ರಕ್ತದಲ್ಲಿ ಬೆಳೆದು ಹಬ್ಬಬೇಕು. ಆಗ ಹುಳು ಮೇವು ಬಿಟ್ಟು, ಮಂಕಾಗಿ, ಕೆಲವು ದಿನಗಳಲ್ಲಿ ಸಾಯುವುದು. ಗಾಳಿಯಲ್ಲಿ ತೇವವಿದ್ದರೆ ಸತ್ತ ಹುಳುವಿನ ಮೈಯಿಂದ ಬಿಳಿಯ ಬೂಷ್ಟು ಹೊರಬಂದು ಹೊಸ ಬೀಜಕಗಳನ್ನು ಚೆಲ್ಲುವುದು. ಹುಳುವು ಇದನ್ನು ತಿನ್ನಬೇಕೆಂದೇನೂ ಇಲ್ಲ, ಮೈಗೆ ತಾಕಿದರೆ ಸಾಕು. ಆದ್ದರಿಂದ ರಸ ಹೀರುವ ಕೀಟಗಳಿಗೂ ಇದರಿಂದ ಬಿಡುಗಡೆಯಿಲ್ಲ. ನನ್ನ ಶಿಷ್ಯನ ಹುಳುಗಳು ಅದನ್ನು ತಿಂದು ದಪ್ಪಗಾದದ್ದು ಅವನ ನೋವಿನ ಮಾತು. ನಿಜವಾಗಿ ಅವುಗಳಿಗೆ ತಾಕಿದ್ದು ಬಹುಶಃ ಸತ್ತ ಬೀಜಕಗಳ ಧೂಳು.

ಏಕೆಂದರೆ ಈ ಬೂಷ್ಟಿಗೂ ಒಂದು ಉಗುರುಬೆಚ್ಚಗಿನ ಹದವುಂಟು. ಸುಮಾರು 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಬೆಳೆಯುವುದು; ಅದಕ್ಕೆ ಹಿತವೆನಿಸುವುದು 25ರಿಂದ 28 ಡಿಗ್ರಿ. 30 ದಾಟಿದರೆ ಬೆಳವಣಿಗೆ ಕುಂಠಿತವಾಗುವುದು. 35ರ ಆಸುಪಾಸಿನಲ್ಲಿ ಹೆಚ್ಚಿನ ತಳಿಗಳು ನಿಂತೇ ಬಿಡುವುವು. ತೀರ ಚಳಿಯಲ್ಲಿ ಸಾಯುವುದಿಲ್ಲ, ಆದರೆ ತೂಕಡಿಸುತ್ತದೆ. ಹುಳು ಸಾಯಲು ಬೇಕಾದ ದಿನಗಳು ಉದ್ದವಾಗುತ್ತವೆ. ಮೊಳೆಯುವ ಹೊತ್ತಿನಲ್ಲಿ ಗಾಳಿಯ ತೇವವೂ ಹೆಚ್ಚಿರಬೇಕು. ನೇರವಾದ ಬಿಸಿಲಿನ ಅತಿನೇರಳೆ ಕಿರಣಗಳಂತೂ ಬೀಜಕಗಳನ್ನು ಕೆಲವೇ ಗಂಟೆಗಳಲ್ಲಿ ನಿಷ್ಪ್ರಯೋಜಕ ಮಾಡಬಲ್ಲವು. ಬಯಲುಸೀಮೆಯ ಏಪ್ರಿಲ್ ತಿಂಗಳು, ಹನ್ನೊಂದು ಗಂಟೆಯ ಬಿಸಿಲು, ಕಾದ ತಗಡಿನ ಕೆಳಗೆ ಬೆಂದ ಪೊಟ್ಟಣ! ಕುದಿಯುವ ಹಾಲಿಗೆ ಹೆಪ್ಪು ಹಾಕಿ ಮೊಸರಿಗಾಗಿ ಕಾದಂತಾಯಿತು.

ಇದರಲ್ಲಿ ನನಗೆ ನಾಚಿಕೆ ತಂದ ಸಂಗತಿ ಇನ್ನೊಂದಿದೆ. ಈ ಶಿಲೀಂಧ್ರದ ಹದವನ್ನು ನಮ್ಮೂರಿನಲ್ಲಿ ಯಾರೂ ಅರಿಯರೆಂದು ತಿಳಿದಿದ್ದೆನಲ್ಲ, ಅದು ತಪ್ಪು. ನಮ್ಮೂರಿನವರು ಅದನ್ನು ತಲೆಮಾರುಗಳಿಂದ ಬಲ್ಲರು, ಆದರೆ ಶತ್ರುವಾಗಿ ಬಲ್ಲರು. ರೇಷ್ಮೆ ಹುಳುಗಳಿಗೆ ಬರುವ ಸುಣ್ಣಕಟ್ಟು ರೋಗವನ್ನು ಉಂಟುಮಾಡುವುದು ಇದೇ ಬ್ಯೂವೇರಿಯಾ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಹುಳು ಸಾಕುತ್ತಿದ್ದರು. ಬಿದಿರಿನ ತಟ್ಟೆಗಳಲ್ಲಿ ಸೊಪ್ಪು ಮೇಯುವ ಸದ್ದು ರಾತ್ರಿಯೆಲ್ಲ ಸಣ್ಣ ಮಳೆಯಂತೆ ಕೇಳುತ್ತಿತ್ತು. ಒಂದು ವರ್ಷ ಮಾಗಿಯಲ್ಲಿ, ಹುಳುಗಳು ಹಣ್ಣಾಗಿ ಚಂದ್ರಿಕೆಗೆ ಏರಲು ನಾಲ್ಕಾರು ದಿನಗಳಿರುವಾಗ, ಬೆಳಗ್ಗೆ ಎದ್ದು ನೋಡಿದರೆ ಒಂದು ತಟ್ಟೆಯಲ್ಲಿ ಸದ್ದಿಲ್ಲ. ಹುಳುಗಳು ಗಟ್ಟಿಯಾಗಿ ಸುಣ್ಣದ ಕಡ್ಡಿಗಳಂತೆ ಬೆಳ್ಳಗೆ ಬಿದ್ದಿದ್ದವು. ಮುರಿದರೆ ಚಟ್ಟನೆ ಮುರಿಯುತ್ತಿದ್ದವು. ಮೂರು ದಿನಗಳಲ್ಲಿ ಅರ್ಧ ಬೆಳೆ ಹೋಯಿತು. ತಾಯಿ ಅಳಲಿಲ್ಲ; ಆ ಹುಳುಗಳನ್ನು ಆರಿಸಿ ಸುಟ್ಟು, ತಟ್ಟೆಗಳನ್ನು ಬಿಸಿಲಿಗೆ ಹಾಕಿ, ಕೋಣೆಯಲ್ಲಿ ಇದ್ದಿಲಿನ ಕೆಂಡವಿಟ್ಟು ಬೆಚ್ಚಗೆ ಮಾಡಿ, ಹುಳುಗಳ ಮೇಲೆ ಒಣಸುಣ್ಣವನ್ನು ಜರಡಿಯಾಡಿಸಿದರು. ಸುಣ್ಣದಂತೆ ಬಿಳುಪಾದ ರೋಗಕ್ಕೆ ಸುಣ್ಣವನ್ನೇ ಹಾಕುವುದನ್ನು ಕಂಡು ನನಗೆ ಆಶ್ಚರ್ಯವಾಗಿತ್ತು. ಕೋಣೆಯ ತೇವ ಇಳಿಯಬೇಕು, ಕಾವು ಏರಬೇಕು. ಅವರ ಉಪಾಯವೆಲ್ಲ ಇಷ್ಟೇ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಸುಣ್ಣಕಟ್ಟಿನ ಭಯ ಹೆಚ್ಚು, ಬೇಸಗೆಯಲ್ಲಿ ಕಡಮೆ ಎಂಬುದನ್ನು ಓದುಬರಹವಿಲ್ಲದ ಅವರು ಪಂಚಾಂಗದಂತೆ ಹೇಳುತ್ತಿದ್ದರು.

ಈ ರೋಗದ ಮೂಲವನ್ನು ಕಂಡುಹಿಡಿದವನು ಇಟಲಿ ದೇಶದ ಅಗಸ್ಟೀನೋ ಬಾಸಿ. ಕಾನೂನನ್ನು ಓದಿದ್ದ ಆತ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಸತ್ತ ರೇಷ್ಮೆ ಹುಳುಗಳೊಡನೆ ಹೆಣಗಿದನು. ಕೆಟ್ಟ ಹವೆಯಿಂದ, ಸೊಪ್ಪಿನ ದೋಷದಿಂದ ರೋಗವು ತಾನೇ ತಾನಾಗಿ ಹುಟ್ಟುವುದೆಂದು ಜನರು ನಂಬಿದ್ದ ಕಾಲವದು. ಹಾಗಲ್ಲ, ಕಣ್ಣಿಗೆ ಕಾಣದ ಒಂದು ಜೀವಿಯು ಹುಳುವಿನಿಂದ ಹುಳುವಿಗೆ ದಾಟಿ ರೋಗವನ್ನು ತರುವುದೆಂದು 1835ರಲ್ಲಿ ಅವನು ಪ್ರಕಟಿಸಿದನು. ಪಾಶ್ಚರ್, ಕಾಖ್ ಮುಂತಾದವರು ರೋಗಾಣುಗಳ ವಿಷಯದಲ್ಲಿ ಹೆಸರು ಗಳಿಸುವುದಕ್ಕೆ ಎಷ್ಟೋ ಮುಂಚೆ! ಶಿಲೀಂಧ್ರದ ಹೆಸರಿನಲ್ಲಿರುವ ‘ಬಾಸಿಯಾನ’ ಅವನ ನೆನಪು. 1879ರಲ್ಲಿ ರಷ್ಯದ ಮೆಚ್ನಿಕಾಫ್ ಗೋಧಿಯನ್ನು ಹಾಳುಮಾಡುವ ದುಂಬಿಯಲ್ಲಿ ಇನ್ನೊಂದು ಶಿಲೀಂಧ್ರವನ್ನು ಗುರುತಿಸಿ, ಇಂತಹ ರೋಗವನ್ನು ಬೆಳೆಯ ಶತ್ರುಗಳ ಮೇಲೆ ನಾವೇ ಛೂ ಬಿಡಬಾರದೇಕೆ ಎಂದು ಯೋಚಿಸಿದನು. ಅದಕ್ಕೆ ಈಗ ಮೆಟಾರೈಜಿಯಂ ಎಂದು ಹೆಸರು. ರೇಷ್ಮೆಯವರ ಶತ್ರು ಹೀಗೆ ರೈತರ ಮಿತ್ರನಾಗುವ ದಾರಿ ತೆರೆಯಿತು.

ಒಂದು ವಿಚಾರದಲ್ಲಿ ಬಾಸಿಯ ಕಾಲದ ಜನರೂ ಪೂರ್ತಿ ತಪ್ಪಿರಲಿಲ್ಲವೆಂದು ನನಗೆ ತೋರುತ್ತದೆ. ಜೀವಿಯಿಲ್ಲದೆ ರೋಗವಿಲ್ಲ ನಿಜ. ಹವೆಯ ಅನುಮತಿಯಿಲ್ಲದೆ ಆ ಜೀವಿಗೂ ಕೈ ಸಾಗದು. ನಮ್ಮ ಇಂದಿನ ಅಂಗಡಿಗಳು ಜೀವಿಯನ್ನು ಮಾರುತ್ತವೆ, ಹವೆಯ ಮಾತನ್ನು ಬಿಟ್ಟುಬಿಡುತ್ತವೆ. ನನ್ನ ತಾಯಿ ಈ ಬೂಷ್ಟನ್ನು ಕೊಲ್ಲಲು ಕೋಣೆಯನ್ನು ಬಿಸಿಮಾಡಿ ಒಣಗಿಸಿದರಲ್ಲವೇ? ಅದನ್ನು ಬದುಕಿಸಿ ಕೆಲಸ ಮಾಡಿಸಬೇಕಾದವನು ಅದಕ್ಕೆ ವಿರುದ್ಧವಾದುದನ್ನು ಮಾಡಬೇಕು. ಬಿಸಿಲು ಇಳಿದ ಮೇಲೆ ಸಿಂಪಡಿಸಿದರೆ ಇಡೀ ರಾತ್ರಿಯ ತಂಪೂ ನಸುಕಿನ ಇಬ್ಬನಿಯೂ ಬೀಜಕಕ್ಕೆ ಸಿಕ್ಕುವುವು. ಸೂರ್ಯನು ಮೇಲೇರುವಷ್ಟರಲ್ಲಿ ಅದು ಮೊಳೆತು ಹುಳುವಿನೊಳಕ್ಕೆ ದಾರಿ ಮಾಡಿಕೊಂಡಿರಬಹುದು. ಎಲೆಯ ಅಡಿಭಾಗಕ್ಕೆ ಬೀಳುವಂತೆ ಹೊಡೆದರೆ ಬಿಸಿಲಿನ ಕಾಟವೂ ಕಡಮೆ. ಅದೇ ಡಬ್ಬದಲ್ಲಿ ಎಲೆಚುಕ್ಕೆಯ ಔಷಧಿಯನ್ನು ಬೆರೆಸಬಾರದು. ಬೂಷ್ಟನ್ನು ಕೊಲ್ಲುವ ಔಷಧಿ ಈ ಬೂಷ್ಟನ್ನು ಮಾತ್ರ ಬಿಡುವುದೇ?

ಉಷ್ಣತೆಯ ಈ ಗುಟ್ಟನ್ನು ಅರಿತ ಕೀಟಗಳೂ ಉಂಟೆಂದರೆ ನಿಮಗೆ ಸೋಜಿಗವಾದೀತು. ಆಫ್ರಿಕದಲ್ಲಿ 1980ರ ದಶಕದ ಕೊನೆಯಲ್ಲಿ ಮಿಡತೆಗಳ ಮಹಾ ಹಾವಳಿಯಾಗಿ, ಅವುಗಳ ಮೇಲೆ ಅಪಾರವಾಗಿ ವಿಷ ಸುರಿಯಬೇಕಾಯಿತು. ಬೇರೆ ದಾರಿಯನ್ನು ಹುಡುಕಲು 1989ರಲ್ಲಿ ‘ಲುಬಿಲೋಸಾ’ ಎಂಬ ಅಂತರರಾಷ್ಟ್ರೀಯ ಯೋಜನೆ ಹುಟ್ಟಿತು. ಮಿಡತೆಗಳಿಗೆ ಮಾತ್ರ ಒಗ್ಗುವ ಒಂದು ಬಗೆಯ ಮೆಟಾರೈಜಿಯಂ ಶಿಲೀಂಧ್ರವನ್ನು ಅವರು ಆರಿಸಿಕೊಂಡರು. ಒಣ ನಾಡಿನಲ್ಲಿಯೂ ಕೆಲಸ ಮಾಡಲೆಂದು ಅದರ ಬೀಜಕಗಳನ್ನು ನೀರಿಗೆ ಬದಲಾಗಿ ಎಣ್ಣೆಯಲ್ಲಿ ಕಲಸಿದರು. ಪ್ರಯೋಗಶಾಲೆಯಲ್ಲಿ ವಾರದೊಳಗೆ ಸಾಯುತ್ತಿದ್ದ ಮಿಡತೆಗಳು ಬಯಲಿನಲ್ಲಿ ಎರಡು, ಮೂರು ವಾರ ಬದುಕಿದವು. ಕಾರಣವೇನು? ರೋಗ ತಗುಲಿದ ಮಿಡತೆಯು ಬಿಸಿಲಿಗೆ ಮೈಯೊಡ್ಡಿ ಕುಳಿತು ತನ್ನ ದೇಹದ ಉಷ್ಣತೆಯನ್ನು 40 ಡಿಗ್ರಿಯ ಆಸುಪಾಸಿಗೆ ಏರಿಸಿಕೊಳ್ಳುವುದು. ಅಷ್ಟು ಕಾವಿನಲ್ಲಿ ಶಿಲೀಂಧ್ರ ಬೆಳೆಯಲಾರದು. ನಮಗೆ ಜ್ವರ ಬಂದಾಗ ಮೈ ಒಳಗಿನಿಂದ ಬಿಸಿಯೇರುತ್ತದೆ. ಮಿಡತೆ ತನ್ನ ಜ್ವರವನ್ನು ಸೂರ್ಯನಿಂದ ಸಾಲ ತರುವುದು! (ನಮ್ಮ ಕಡೆ ರೇಷ್ಮೆ ಹುಳು ಪೊರೆ ಬಿಡುವುದನ್ನೂ ‘ಜ್ವರ’ ಎನ್ನುತ್ತಾರೆ, ಅದು ಬೇರೆ ಮಾತು.) ಆದರೆ ರಾತ್ರಿಗೆ ಸಾಲ ದೊರೆಯದು. ಇರುಳಿನ ತಂಪಿನಲ್ಲಿ ಶಿಲೀಂಧ್ರವು ನಿಲ್ಲಿಸಿದ ಕೆಲಸವನ್ನು ಮುಂದುವರಿಸುವುದು. ಹೀಗೆ ಹಗಲಿಗೊಬ್ಬರು, ಇರುಳಿಗೊಬ್ಬರು ಗೆಲ್ಲುವ ಈ ಕಾಳಗದಲ್ಲಿ ಬಹುಪಾಲು ಕೊನೆಯ ಗೆಲವು ಶಿಲೀಂಧ್ರದ್ದೇ. 2009ರಲ್ಲಿ ಟಾಂಜಾನಿಯದ ಕೆಂಪು ಮಿಡತೆಗಳ ಮೇಲೆ, 2020ರಲ್ಲಿ ಸೊಮಾಲಿಯದ ಮರುಭೂಮಿ ಮಿಡತೆಗಳ ಮೇಲೆ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಅಲ್ಲಿಯವರು ಫಲವನ್ನು ಕಂಡದ್ದು ಶಿಲೀಂಧ್ರದ ಗಡಿಯಾರಕ್ಕೆ ತಮ್ಮ ಗಡಿಯಾರವನ್ನು ಹೊಂದಿಸಿಕೊಂಡದ್ದರಿಂದ.

ನನ್ನ ಶಿಷ್ಯನಿಗೆ ಈ ಕಥೆಯನ್ನೆಲ್ಲ ಹೇಳಿದಾಗ ಅವನು ಒಂದೇ ಮಾತು ಕೇಳಿದ: “ಸಾಲಗಾರ ಮೂರು ವಾರ ಕಾಯುತ್ತಾನೆಯೇ ಮೇಷ್ಟ್ರೇ?” ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವರೊಡನೆ ನನಗೆ ಸಹಮತವಿಲ್ಲ. ಕಾಯಿಕೊರಕವು ಕಾಯಿಯೊಳಗೆ ಹೊಕ್ಕ ಮೇಲೆ ಹೊರಗೆ ಬಿದ್ದ ಬೀಜಕ ಅದಕ್ಕೆ ತಾಕದು. ಮೊಟ್ಟೆಯೊಡೆದ ಮರಿಗಳು ಇನ್ನೂ ಎಲೆಯ ಮೇಲೆ ಓಡಾಡುತ್ತಿರುವಾಗಲೇ ಸಿಂಪಡಿಸಬೇಕು. ಅಂದರೆ ರೈತನು ಹುಳುವಿಗಿಂತ ಮುಂದಿರಬೇಕು. ಜೈವಿಕ ವಿಧಾನವೇ ಎಲ್ಲಕ್ಕೂ ಮದ್ದು ಎಂದು ವೇದಿಕೆಯ ಮೇಲೆ ಸಾರುವವರು ಇದನ್ನು ಹೇಳುವುದಿಲ್ಲ. ನನ್ನ ಅಭಿಪ್ರಾಯವನ್ನು ಕೇಳಿದರೆ, ಬಯಲುಸೀಮೆಯ ಮಾರ್ಚಿಯಿಂದ ಮೇವರೆಗಿನ ಒಣ ಬಿಸಿಲಿನಲ್ಲಿ, ಎಲೆಗಳ ಮೇಲೆ ಹೊಡೆಯಲು ಈ ಪುಡಿಯನ್ನು ಕೇಳಿಕೊಂಡು ಬಂದ ರೈತನಿಗೆ “ಈಗ ಬೇಡ” ಎಂದು ಹೇಳುವ ಧೈರ್ಯ ಸಲಹೆಗಾರನಿಗಿರಬೇಕು. ಒಂದು ಸಲ ಸುಳ್ಳಾದ ಔಷಧಿಯನ್ನು ರೈತ ಎರಡನೆಯ ಸಲ ಮುಟ್ಟುವುದಿಲ್ಲ. ಪಕ್ಕದ ಹೊಲದವನಿಗೂ ಮುಟ್ಟಗೊಡುವುದಿಲ್ಲ. ಹದ ತಪ್ಪಿ ಬಳಸಿದ ಒಂದು ಪೊಟ್ಟಣವು ಹತ್ತು ಹೊಲಗಳಿಗೆ ವಿಷವನ್ನು ಮರಳಿ ತರುತ್ತದೆ. ನನ್ನ ಶಿಷ್ಯನ ವಿಷಯದಲ್ಲಿ ಆದದ್ದು ಇದೇ.

ಹೆಚ್ಚು ಕಾವನ್ನು ತಾಳುವ ತಳಿಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ, ಹುಡುಕಲಿ, ಒಳ್ಳೆಯದು. ಬೇಸಗೆಗಳು ಬಿಸಿಯೇರುತ್ತಿರುವ ಈ ಕಾಲದಲ್ಲಿ ಅದರ ಅಗತ್ಯವೂ ಇದೆ. ಆದರೆ ಅದು ಬರುವವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಕಬ್ಬಿನ ಬೇರನ್ನು ತಿನ್ನುವ ಗೊಣ್ಣೆ ಹುಳುವಿಗೆ ಮೆಟಾರೈಜಿಯಂ ಬೀಜಕಗಳನ್ನು ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಮಣ್ಣಿಗೆ ಸೇರಿಸುತ್ತಾರೆ. ಮಣ್ಣಿನೊಳಗೆ ಬಿಸಿಲಿಲ್ಲ, ತೇವವಿದೆ, ಹಗಲಿರುಳಿನ ಕಾವಿನ ಏರುಪೇರು ಕಡಮೆ. ಶಿಲೀಂಧ್ರವನ್ನು ಹೊಸದಾಗಿ ತಿದ್ದುವ ಬದಲು ಅದಕ್ಕೆ ಒಗ್ಗುವ ಜಾಗವನ್ನೇ ಆರಿಸಿಕೊಟ್ಟಂತಾಯಿತು. ಮಲೆನಾಡಿನ ಕಾಫಿ ತೋಟಗಳ ನೆರಳಿನಲ್ಲಿ ಕಾಯಿಕೊರಕ ದುಂಬಿಗೆ ಬ್ಯೂವೇರಿಯಾವನ್ನು ಬಳಸುವುದರ ಹಿಂದೆಯೂ ಇದೇ ವಿವೇಕವಿದೆ.

ಕೆಲವೊಮ್ಮೆ ಪ್ರಕೃತಿಯೇ ಈ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ಧಾರವಾಡದ ಕಡೆ ಮುಂಗಾರಿನ ಮೋಡ ಕವಿದ ದಿನಗಳಲ್ಲಿ ಶೇಂಗಾ, ಸೋಯಾ ಅವರೆಯ ಎಲೆ ತಿನ್ನುವ ಹುಳುಗಳಿಗೆ ನೊಮುರಿಯಾ ಎಂಬ ಶಿಲೀಂಧ್ರವು ತಾನಾಗಿಯೇ ಸೋಂಕುವುದುಂಟು. ಹುಳುಗಳು ಎಲೆಯನ್ನು ಕಚ್ಚಿಕೊಂಡೇ ಸತ್ತು, ಮೊದಲು ಬೆಳ್ಳಗೆ, ಬಳಿಕ ತಿಳಿಹಸಿರಾಗಿ ಒಣಗುತ್ತವೆ. ಅಮೆರಿಕದಿಂದ ಬಂದ ಸೈನಿಕ ಹುಳುವು ಭಾರತದಲ್ಲಿ ಮೊದಲು ಕಂಡುಬಂದದ್ದು 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಪರದೇಶದ ಆ ಹುಳುವನ್ನೂ ನಮ್ಮ ಈ ಶಿಲೀಂಧ್ರ ಆ ವರ್ಷವೇ ಹಿಡಿಯಿತು. ಆ ದಿನಗಳಲ್ಲಿ ರೈತನು ಮಾಡಬೇಕಾದ ದೊಡ್ಡ ಕೆಲಸವೆಂದರೆ ಹೊಲವನ್ನು ಸುತ್ತಿ, ಸತ್ತ ಹುಳುಗಳನ್ನು ಎಣಿಸಿ, ವಿಷದ ಡಬ್ಬವನ್ನು ಕೆಳಗಿಡುವುದು. ಏನನ್ನೂ ಮಾಡದಿರುವುದನ್ನು ಕಲಿಸುವುದು ಎಲ್ಲಕ್ಕಿಂತ ಕಷ್ಟ. ಅದನ್ನು ಮಾರುವ ಅಂಗಡಿಯೂ ಇಲ್ಲ.

ಹಿಪ್ಪುನೇರಳೆಯ ತೋಟಗಳಿರುವ ಊರುಗಳಲ್ಲಿ ಮಾತ್ರ ನಾನು ಬ್ಯೂವೇರಿಯಾವನ್ನು ಯಾರಿಗೂ ಹೇಳೆನು. ನೈಸರ್ಗಿಕವಾದದ್ದೆಲ್ಲ ನಿರುಪದ್ರವಿಯೆಂಬ ಮಾತು ಈಗ ಬಹಳ ಕೇಳಿಬರುತ್ತಿದೆ. ಆ ಬೆಳಗಿನ ಸದ್ದಿಲ್ಲದ ತಟ್ಟೆಯನ್ನು ಕಂಡವರಿಗೆ ಅದರಲ್ಲಿ ನಂಬಿಕೆ ಬರುವುದು ಕಷ್ಟ. ಅಂದು ನನ್ನ ಶಿಷ್ಯನಿಗೆ ಸಲಹೆ ಕೊಡುವಾಗ, ಅವನ ಅಣ್ಣನ ಹುಳದ ಮನೆ ಆ ಟೊಮೇಟೊ ಹೊಲಕ್ಕೆ ಎಷ್ಟು ದೂರವೆಂದು ನಾನು ಕೇಳಿರಲಿಲ್ಲ. ಅಣ್ಣನ ಬೆಳೆ ಉಳಿದದ್ದಕ್ಕೆ ಆ ಬಿಸಿಲೇ ಕಾರಣವಿರಬೇಕು.

ಶಿಷ್ಯನು ಆ ಮೇಲೆ ಎರಡು ವರ್ಷ ನನ್ನ ಮುಂದೆ ಹುಳುವಿನ ಮಾತೆತ್ತಲಿಲ್ಲ. ಹೋದ ವರ್ಷ ಭಾದ್ರಪದದಲ್ಲಿ, ವಾರವೆಲ್ಲ ಜಿಟಿಜಿಟಿ ಮಳೆ ಹಿಡಿದಿದ್ದಾಗ, ಒಂದು ಸಂಜೆ ಬಂದು ಬಾಗಿಲಾಚೆಯೇ ನಿಂತ. ಅವನ ಕೈಯಲ್ಲಿ ಕಡಲೆಕಾಯಿ ಗಿಡದ ಒಂದು ರೆಂಬೆಯಿತ್ತು. ಅದರ ಎಲೆಗೆ ತಿಳಿಹಸಿರು ಪುಡಿ ಬಳಿದಂತಹ ಒಂದು ಸತ್ತ ಹುಳು ಕಚ್ಚಿಕೊಂಡಿತ್ತು. “ಇದನ್ನು ಯಾರೂ ಹೊಡೆದದ್ದಲ್ಲ ಮೇಷ್ಟ್ರೇ. ಹೊಲದ ತುಂಬ ಹೀಗೇ ಇವೆ. ಈ ಸಲ ಡಬ್ಬ ತೆಗೆಯಲಿಲ್ಲ” ಎಂದ. ಒಳಗೆ ಬಂದು ಕಾಫಿ ಕುಡಿಯೆಂದು ಕರೆದೆ. “ಅಣ್ಣನ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿವೆ, ರಾತ್ರಿ ನಾನೇ ಸೊಪ್ಪು ಹಾಕಬೇಕು” ಎನ್ನುತ್ತ ಅವನು ಆ ರೆಂಬೆಯನ್ನು ಬೇಲಿಯಾಚೆ ಮಣ್ಣಿನಲ್ಲಿ ಹೂತು, ತೊಟ್ಟಿಯ ಬಳಿ ಮೊಣಕೈವರೆಗೂ ಸಾಬೂನು ಹಚ್ಚಿ ಎರಡು ಸಲ ತೊಳೆದುಕೊಂಡ. ಕಾಫಿಯನ್ನು ಅಂಗಳದಲ್ಲಿ ನಿಂತೇ ಕುಡಿದ.